ಕೋವಿ ಹಿಡಿದವನೇ ಕಥೆ ಹೇಳುವಾಗ

ಚಿತ್ರ ಶುರುವಾಗಿ ಕೆಲವೇ ನಿಮಿಷಗಳಾಗಿರುತ್ತವೆ, ಅಷ್ಟರಲ್ಲಿ ಒಬ್ಬ ಮನುಷ್ಯ ಸತ್ತು ಬಿದ್ದಿರುತ್ತಾನೆ. ‘ಕೋಲ್ಡ್ ಇನ್ ಜುಲೈ’ ಎಂಬುದು ಆ ಚಿತ್ರದ ಹೆಸರು. ಜೋ ಲ್ಯಾನ್ಸ್‌ಡೇಲ್ 1989ರಲ್ಲಿ ಬರೆದ ಕಾದಂಬರಿಯನ್ನು ಜಿಮ್ ಮಿಕಲ್ 2014ರಲ್ಲಿ ತೆರೆಗೆ ತಂದ. ಅಮೆರಿಕದ ಟೆಕ್ಸಾಸ್ ರಾಜ್ಯದ ಒಂದು ಸಣ್ಣ ಪಟ್ಟಣ. ಫೋಟೋಗಳಿಗೆ ಕಟ್ಟು ಹಾಕಿಕೊಡುವ ಅಂಗಡಿ ಇಟ್ಟುಕೊಂಡ ಒಬ್ಬ ಗೃಹಸ್ಥ, ಅವನ ಹೆಂಡತಿ, ಪುಟ್ಟ ಮಗ. ನಡುರಾತ್ರಿ ಮನೆಯೊಳಗೆ ಸದ್ದಾಗುತ್ತದೆ. ಗೃಹಸ್ಥ ರಿವಾಲ್ವರ್ ತೆಗೆಯುತ್ತಾನೆ. ತೋಟಾ ತುಂಬುವಾಗ ಕೈ ನಡುಗುತ್ತದೆ. ಹಜಾರಕ್ಕೆ ಬಂದರೆ ಕತ್ತಲಲ್ಲಿ ಯಾರೋ ನಿಂತಿದ್ದಾರೆ. ಇವನು ಗುಂಡು ಹಾರಿಸಬೇಕೆಂದು ತೀರ್ಮಾನಿಸುವುದೇ ಇಲ್ಲ. ಬೆಚ್ಚಿದ ಬೆರಳು ಹಾರಿಸಿಬಿಡುತ್ತದೆ.

ಪೊಲೀಸರು ಬರುತ್ತಾರೆ. ಸತ್ತವನು ಹಳೇ ಅಪರಾಧಿ, ನಿನ್ನದೇನೂ ತಪ್ಪಿಲ್ಲ, ಮನೆಗೆ ಹೋಗಿ ಮಲಗು ಎನ್ನುತ್ತಾರೆ. ಗಂಡ ಹೆಂಡತಿ ಗೋಡೆಗೆ ಅಂಟಿದ ರಕ್ತ ಒರೆಸುತ್ತಾರೆ. ಊರಿನ ಗಂಡಸರು ಅವನ ಕಡೆ ಹೊಸ ಮರ್ಯಾದೆಯಿಂದ ನೋಡತೊಡಗುತ್ತಾರೆ. ಅವನಿಗೆ ಮಾತ್ರ ನಿದ್ದೆಯಿಲ್ಲ. ಸತ್ತವನ ದಫನ್ ನಡೆಯುವಾಗ ದೂರದಿಂದ ನೋಡಲು ಹೋಗುತ್ತಾನೆ. ಅಲ್ಲಿಗೆ ಜೈಲಿನಿಂದ ಬಿಡುಗಡೆಯಾದ ಒಬ್ಬ ಮುದುಕ, ಸತ್ತವನ ತಂದೆ, ಬಂದಿರುತ್ತಾನೆ. ಮುದುಕನ ಸೇಡಿಗೆ ಹೆದರಿ ಪೊಲೀಸು ಠಾಣೆಗೆ ಓಡಾಡುವಾಗ ಗೃಹಸ್ಥನಿಗೆ ಒಂದು ವಿಷಯ ಕಣ್ಣಿಗೆ ಬೀಳುತ್ತದೆ. ಠಾಣೆಯಲ್ಲಿ ಅಂಟಿಸಿದ ಫೋಟೋದಲ್ಲಿರುವ ಅಪರಾಧಿ ಬೇರೆ, ತಾನು ಕೊಂದವನು ಬೇರೆ. ಪೊಲೀಸರು ಸತ್ತವನಿಗೆ ಬೇರೆ ಯಾರದೋ ಹೆಸರು ಕೊಟ್ಟು ಮಣ್ಣು ಮಾಡಿದ್ದಾರೆ.

ಇಲ್ಲಿಯವರೆಗೆ ಈ ಚಿತ್ರದಷ್ಟು ನನ್ನನ್ನು ಕಾಡಿದ ಅಮೆರಿಕನ್ ಚಿತ್ರ ಇತ್ತೀಚೆಗೆ ಇನ್ನೊಂದಿಲ್ಲ. ಆಮೇಲೆ ಅದು ಹಾದಿ ತಪ್ಪುತ್ತದೆ. ಮೂವರು ಗಂಡಸರು ಸೇರಿ ನಿಜವಾದ ದುಷ್ಟರನ್ನು ಹುಡುಕಿಕೊಂಡು ಹೋಗುತ್ತಾರೆ. ಆ ದುಷ್ಟರು ಎಂಥವರೆಂದರೆ, ಅವರನ್ನು ಎಷ್ಟು ಕೊಂದರೂ ಪ್ರೇಕ್ಷಕನಿಗೆ ಬೇಸರವಾಗಬಾರದು, ಹಾಗೆ ಚಿತ್ರಿಸಲಾಗಿದೆ. ಮೊದಲ ಗುಂಡಿಗೆ ನಡುಗಿದ್ದ ಕೈ ಕೊನೆಯ ಹೊತ್ತಿಗೆ ಪಳಗಿರುತ್ತದೆ. ಹಾಗಾದರೆ ಆ ಹಜಾರದಲ್ಲಿ ಸತ್ತವನು ಯಾರು? ಚಿತ್ರ ಈ ಪ್ರಶ್ನೆಯನ್ನು ತಾನೇ ಎತ್ತುತ್ತದೆ, ತಾನೇ ಕೈಬಿಡುತ್ತದೆ. ಅವನಿಗೊಂದು ಹೆಸರು ಸಿಗುವುದಿಲ್ಲ. ಅವನು ಸತ್ತದ್ದರಿಂದ ಬೇರೆಯವರ ಕಥೆ ಶುರುವಾಯಿತು, ಅಷ್ಟೇ ಅವನ ಉಪಯೋಗ.

ಮನೆಗೆ ನುಗ್ಗಿದವನ ಮೇಲೆ ಬಂದೂಕು ಎತ್ತುವ ಕಥೆಗಳ ಬಗ್ಗೆ ನನ್ನ ತಕರಾರು ಇದೇ. ಅವುಗಳಲ್ಲಿ ಹೇಳುವವನು ಒಬ್ಬನೇ. ಇನ್ನೊಬ್ಬ ಹೇಳಲು ಉಳಿದಿರುವುದಿಲ್ಲ.

ಕ್ಲಿಂಟ್ ಈಸ್ಟ್‌ವುಡ್‌ನ ‘ಗ್ರ್ಯಾನ್ ಟೊರಿನೊ’ (2008) ಇದಕ್ಕೆ ಪಕ್ಕದಲ್ಲಿಟ್ಟು ನೋಡಬೇಕಾದ ಚಿತ್ರ. ಕೊರಿಯಾ ಯುದ್ಧದಲ್ಲಿ ಹೋರಾಡಿದ, ಫೋರ್ಡ್ ಕಾರ್ಖಾನೆಯಲ್ಲಿ ದುಡಿದು ನಿವೃತ್ತನಾದ ಮುದುಕ ವಾಲ್ಟ್. ಡೆಟ್ರಾಯಿಟ್‌ನ ಅವನ ಬೀದಿಗೆ ಹ್ಮಾಂಗ್ ಜನ ಬಂದು ನೆಲೆಸಿದ್ದಾರೆ. ಅವರ ಮುಖ ಕಂಡರೆ ಅವನಿಗಾಗುವುದಿಲ್ಲ. ಒಂದು ರಾತ್ರಿ ಪಕ್ಕದ ಮನೆಯ ಹುಡುಗ, ಪುಂಡರ ಗುಂಪಿನ ಒತ್ತಾಯಕ್ಕೆ, ಮುದುಕನ ಕಾರು ಕದಿಯಲು ಗ್ಯಾರೇಜಿಗೆ ನುಗ್ಗುತ್ತಾನೆ. ಮುದುಕ ಯುದ್ಧಕಾಲದ ರೈಫಲ್ ಹಿಡಿದು ಬರುತ್ತಾನೆ. ಆದರೆ ಕಾಲು ತಪ್ಪಿ ಬೀಳುತ್ತಾನೆ, ಹುಡುಗ ಪಾರಾಗುತ್ತಾನೆ. ಮುಂದೆ ಅದೇ ಹುಡುಗ ಮುದುಕನ ಬಳಿ ಕೆಲಸ ಕಲಿತು, ಸ್ವಂತ ಮಕ್ಕಳಿಗಿಂತ ಹತ್ತಿರದವನಾಗುತ್ತಾನೆ. ಕೊನೆಯಲ್ಲಿ ಮುದುಕ ಪುಂಡರ ಮನೆಯೆದುರು ಬರಿಗೈಯಲ್ಲಿ ಹೋಗಿ ನಿಲ್ಲುತ್ತಾನೆ. ಕೋಟಿನೊಳಗಿಂದ ಅವನು ತೆಗೆಯುವುದು ಸಿಗರೇಟು ಹೊತ್ತಿಸುವ ಲೈಟರ್. ಅದನ್ನು ಪಿಸ್ತೂಲೆಂದು ತಿಳಿದು ಪುಂಡರು ಅವನನ್ನು ಕೊಲ್ಲುತ್ತಾರೆ.

ಈ ಚಿತ್ರದಲ್ಲೂ ದೋಷಗಳಿವೆ. ಬಿಳಿಯ ಮುದುಕನೊಬ್ಬ ಬಂದು ಏಷ್ಯಾದವರನ್ನು ಉದ್ಧಾರ ಮಾಡಬೇಕೆಂಬ ಹಳೇ ಚಾಳಿ ಇದೆ. ಆದರೂ ಕಥೆಗಾರನಾಗಿ ನಾನು ಒಂದು ಸಂಗತಿಯನ್ನು ಗಮನಿಸದೆ ಇರಲಾರೆ. ಗ್ಯಾರೇಜಿನಲ್ಲಿ ಆ ಮುದುಕನ ಕಾಲು ತಪ್ಪದಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ. ಹುಡುಗ ಸಾಯುತ್ತಿದ್ದ, ಮುದುಕ ‘ಕಳ್ಳನನ್ನು ಹೊಡೆದೆ’ ಎನ್ನುತ್ತಿದ್ದ. ಅದು ಸುಳ್ಳೂ ಆಗುತ್ತಿರಲಿಲ್ಲ, ಏಕೆಂದರೆ ಹುಡುಗ ಕದಿಯಲೆಂದೇ ಬಂದಿದ್ದ. ಆದರೆ ಆ ಹುಡುಗನ ವಿಷಯದಲ್ಲಿ ಅದೊಂದೇ ನಿಜವಾಗಿ ಉಳಿದುಬಿಡುತ್ತಿತ್ತು.

ಸಿನಿಮಾದಲ್ಲಿ ಕಾಲು ತಪ್ಪುತ್ತದೆ. 1992ರ ಅಕ್ಟೋಬರಿನಲ್ಲಿ, ಲೂಸಿಯಾನ ರಾಜ್ಯದ ಬ್ಯಾಟನ್ ರೂಜ್ ಎಂಬ ಊರಿನಲ್ಲಿ, ತಪ್ಪಲಿಲ್ಲ. ಜಪಾನಿನಿಂದ ಓದಲು ಬಂದಿದ್ದ ಹದಿನಾರು ವರ್ಷದ ವಿದ್ಯಾರ್ಥಿ ತಾನು ಉಳಿದುಕೊಂಡಿದ್ದ ಮನೆಯ ಹುಡುಗನ ಜೊತೆ ವೇಷ ಹಾಕಿಕೊಂಡು ಹ್ಯಾಲೊವೀನ್ ಔತಣಕ್ಕೆ ಹೊರಟಿದ್ದ. ಜಾನ್ ಟ್ರವೋಲ್ಟನಂತೆ ಬಿಳಿ ಸೂಟು. ಅದೇ ಬೀದಿಯ ಬೇರೆ ಮನೆಯ ಗಂಟೆ ಒತ್ತಿದರು. ಬಾಗಿಲು ತೆರೆದ ಹೆಂಗಸು ಹೆದರಿ, ಬಂದೂಕು ತರುವಂತೆ ಗಂಡನಿಗೆ ಕೂಗಿದಳು. ಗಂಡ ದೊಡ್ಡ ಮ್ಯಾಗ್ನಮ್ ರಿವಾಲ್ವರ್ ಹಿಡಿದು ಬಂದು ‘ಫ್ರೀಜ್’ ಎಂದ. ‘ಇದ್ದಲ್ಲೇ ನಿಲ್ಲು’ ಎಂಬ ಅರ್ಥದಲ್ಲಿ. ಔತಣದ ಮನೆ ಇದೇ ಎಂದುಕೊಂಡ ಹುಡುಗ ನಗುತ್ತ ಮುಂದೆ ಬಂದ. ಒಂದೇ ಗುಂಡು.

ಕನ್ನಡ ಮತ್ತು ಉರ್ದು ಶಾಲೆಗಳ ನಡುವೆ ಓಡಾಡುತ್ತ ಬೆಳೆದ ನನಗೆ ಆ ಒಂದು ಪದದ ಮುಂದೆ ಮನಸ್ಸು ನಿಂತುಬಿಡುತ್ತದೆ. ಪುಸ್ತಕದಲ್ಲಿ ಕಲಿತ ಇಂಗ್ಲಿಷಿನಲ್ಲಿ ಅದು ನೀರು ಹೆಪ್ಪುಗಟ್ಟುವುದಕ್ಕೆ ಹೇಳುವ ಮಾತು. ಮನೆಯ ಯಜಮಾನನ ಮೇಲೆ ಮೊಕದ್ದಮೆ ನಡೆದು 1993ರ ಮೇ ತಿಂಗಳಲ್ಲಿ ಜ್ಯೂರಿ ಅವನನ್ನು ನಿರ್ದೋಷಿ ಎಂದು ಬಿಟ್ಟಿತು. ಮರುವರ್ಷ ಸಿವಿಲ್ ನ್ಯಾಯಾಲಯ ಆತ್ಮರಕ್ಷಣೆಯ ವಾದವನ್ನು ಒಪ್ಪದೆ, ಹುಡುಗನ ತಂದೆತಾಯಿಗೆ ಆರೂವರೆ ಲಕ್ಷ ಡಾಲರ್ ಪರಿಹಾರ ಕೊಡಬೇಕೆಂದಿತು. ಒಂದೇ ರಾತ್ರಿ, ಒಂದೇ ಗುಂಡು, ಎರಡು ತೀರ್ಪು. ಮೊದಲನೆಯ ನ್ಯಾಯಾಲಯ ಕೇಳಿದ್ದು ಒಳಗಿದ್ದವನ ಹೆದರಿಕೆ ನಿಜವೇ ಎಂದು. ಎರಡನೆಯದು ಆ ಹೆದರಿಕೆಗೆ ಕಾರಣವಿತ್ತೇ ಎಂದು ಕೇಳಿತು.

ಇದು ಹಳೇ ಕಾಲದ ಅಪರೂಪದ ಪ್ರಕರಣ ಎನ್ನುವಂತಿಲ್ಲ. 2023ರ ಏಪ್ರಿಲ್‌ನಲ್ಲಿ ಕಾನ್ಸಾಸ್ ಸಿಟಿಯಲ್ಲಿ ತಮ್ಮಂದಿರನ್ನು ಕರೆತರಲು ಹೋದ ಹದಿನಾರರ ಕಪ್ಪು ಹುಡುಗ, ಹೆಸರಿನಲ್ಲಿ ಹೋಲುವ ಬೇರೆ ಬೀದಿಯ ಮನೆಯ ಗಂಟೆ ಒತ್ತಿದ. ಎಂಬತ್ತನಾಲ್ಕರ ಮುದುಕ ಗಾಜಿನ ಬಾಗಿಲಿನ ಒಳಗಿಂದಲೇ ಎರಡು ಗುಂಡು ಹಾರಿಸಿದ. ಹುಡುಗ ಬದುಕಿಕೊಂಡ. ಅದಾಗಿ ಎರಡೇ ದಿನಕ್ಕೆ ನ್ಯೂಯಾರ್ಕ್ ರಾಜ್ಯದ ಹಳ್ಳಿಗಾಡಿನಲ್ಲಿ ದಾರಿ ತಪ್ಪಿ ಯಾರದೋ ಮನೆಯ ಆವರಣಕ್ಕೆ ತಿರುಗಿದ ಕಾರಿನಲ್ಲಿದ್ದ ಇಪ್ಪತ್ತರ ಹುಡುಗಿ ಗುಂಡಿಗೆ ಬಲಿಯಾದಳು. ಕಾರು ವಾಪಸು ತಿರುಗಿ ಹೊರಟಿತ್ತು.

ಮನೆ ಎಂದರೆ ಕೋಟೆ ಎಂಬ ಮಾತಿನ ಬೇರು ಇಂಗ್ಲೆಂಡಿನಲ್ಲಿದೆ. 1604ರ ಸೆಮೇನ್ ಪ್ರಕರಣದ ತೀರ್ಪನ್ನು ಎಡ್ವರ್ಡ್ ಕೋಕ್ ವರದಿ ಮಾಡಿದ್ದು ಅದಕ್ಕೆ ಮೂಲ. ಅಮೆರಿಕದವರು ಆ ಮಾತನ್ನು ಹೊತ್ತುಕೊಂಡು ಬಹಳ ದೂರ ಬಂದಿದ್ದಾರೆ. ಫ್ಲಾರಿಡಾ 2005ರಲ್ಲಿ ಮಾಡಿದ ಕಾನೂನಿನಂತೆ, ಬಲಾತ್ಕಾರವಾಗಿ ಮನೆಗೆ ನುಗ್ಗಿದವನ ಎದುರು ಯಜಮಾನನಿಗೆ ಪ್ರಾಣಭಯವಿತ್ತೆಂದು ಕಾನೂನೇ ಭಾವಿಸಿಕೊಳ್ಳುತ್ತದೆ. 2008ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ಹೆಲ್ಲರ್ ಪ್ರಕರಣದಲ್ಲಿ, ಐದಕ್ಕೆ ನಾಲ್ಕು ಮತಗಳಿಂದ, ಆತ್ಮರಕ್ಷಣೆಗಾಗಿ ಮನೆಯಲ್ಲಿ ಕೈಬಂದೂಕು ಇಟ್ಟುಕೊಳ್ಳುವುದು ಸಂವಿಧಾನ ಕೊಟ್ಟ ಹಕ್ಕು ಎಂದಿತು. ಆದರೆ ಕೋಕ್ ವರದಿ ಮಾಡಿದ ತೀರ್ಪಿನಲ್ಲಿ ಇನ್ನೊಂದು ಮಾತೂ ಇದೆ. ರಾಜನ ಅಧಿಕಾರಿಯಾದರೂ ಬಾಗಿಲು ಮುರಿಯುವ ಮೊದಲು ತಾನು ಬಂದ ಕಾರಣ ಹೇಳಬೇಕು, ಬಾಗಿಲು ತೆರೆಯಿರೆಂದು ಕೇಳಬೇಕು. ಕೋಟೆಯ ಮಾತು ಹುಟ್ಟಿದ ಜಾಗದಲ್ಲೇ ಬಾಗಿಲು ತಟ್ಟುವ ಮಾತೂ ಹುಟ್ಟಿದೆ. ಮೊದಲನೆಯದಕ್ಕೆ ಸಿಕ್ಕ ಪ್ರಚಾರ ಎರಡನೆಯದಕ್ಕೆ ಸಿಗಲಿಲ್ಲ.

ಅದನ್ನು ಓದುವಾಗ ನನಗೆ ನಮ್ಮ ಮದರಸದ ಉಸ್ತಾದರ ನೆನಪಾಯಿತು. ಯಾರದೇ ಮನೆಗೆ ಹೋದರೂ ಬಾಗಿಲಿಗೆ ನೇರವಾಗಿ ನಿಲ್ಲಬೇಡಿ, ಪಕ್ಕಕ್ಕೆ ನಿಂತು ಸಲಾಂ ಹೇಳಿ, ಮೂರು ಸಲ ಕೇಳಿ, ಜವಾಬು ಬರದಿದ್ದರೆ ಬೇಸರ ಮಾಡಿಕೊಳ್ಳದೆ ತಿರುಗಿ ಬನ್ನಿ ಎಂದು ಕಲಿಸುತ್ತಿದ್ದರು. ಸೂರಃ ಅನ್ನೂರ್‌ನಲ್ಲಿ ಇಜಾಜತ್ ಬಗ್ಗೆ ಆಯತ್‌ಗಳಿವೆ. ಒಳಗಿನಿಂದ ‘ಕೌನ್?’ ಎಂದಾಗ ಬರೀ ‘ಮೈಂ’ ಎನ್ನಬಾರದು, ಹೆಸರು ಹೇಳಬೇಕು. ಪ್ರವಾದಿಯವರಿಗೆ ‘ನಾನು, ನಾನು’ ಎಂಬ ಉತ್ತರ ಹಿಡಿಸಲಿಲ್ಲವೆಂದು ಹದೀಸ್ ಇದೆ. ಆಗ ಇದು ಬರೀ ಶಿಷ್ಟಾಚಾರವೆನಿಸಿತ್ತು. ಒಳಗಿನವನು ‘ಯಾರು’ ಎಂದು ಕೇಳಬೇಕು, ಹೊರಗಿನವನು ತನ್ನನ್ನು ತಿಳಿಸಬೇಕು ಎಂಬ ಒಪ್ಪಂದದ ಮೇಲೆ ಎಷ್ಟು ನಿಂತಿದೆ ಎಂದು ಈಗ ಅನಿಸುತ್ತದೆ. ನಮ್ಮ ಕಾಲದಲ್ಲಿ ಹೆಸರು ಹೇಳಿದ ಮೇಲೇ ಮುಚ್ಚುವ ಬಾಗಿಲುಗಳೂ ಇವೆ. ಬಾಡಿಗೆ ಮನೆ ಹುಡುಕಿ ಅಲೆದವರಿಗೆ ಅದನ್ನು ವಿವರಿಸಬೇಕಾಗಿಲ್ಲ.

ಬಂದೂಕಿನ ಪರವಾಗಿ ಮಾತಾಡುವವರ ವಾದವನ್ನು ಹಗುರವಾಗಿ ತಳ್ಳಿಹಾಕಲು ನನಗೆ ಇಷ್ಟವಿಲ್ಲ. ಪೊಲೀಸರು ಬರಲು ಒಂದು ಗಂಟೆ ಹಿಡಿಯುವ ಕಡೆ ಒಬ್ಬಳೇ ಇರುವ ಹೆಂಗಸಿಗೆ ಬಾಗಿಲ ಚಿಲಕ ಅಲ್ಲಾಡಿದ ಸದ್ದು ಏನೆಂಬುದು ಪೇಟೆಯಲ್ಲಿ ಕೂತು ವಿಮರ್ಶೆ ಬರೆಯುವವನಿಗೆ ಗೊತ್ತಾಗುವುದಿಲ್ಲ. ಬಂದೂಕು ತೋರಿಸಿದ್ದರಿಂದಲೇ ಉಳಿದ ಜೀವಗಳು ಇರಲೇಬೇಕು. ಎಷ್ಟು ಎಂಬ ಪ್ರಶ್ನೆ ಬಂದಾಗ ಮಾತ್ರ ವಿಚಿತ್ರ ಎದುರಾಗುತ್ತದೆ. ಕ್ಲೆಕ್ ಮತ್ತು ಗರ್ಟ್ಜ್ ಎಂಬ ಇಬ್ಬರು ವಿದ್ವಾಂಸರು 1995ರಲ್ಲಿ, ಫೋನಿನಲ್ಲಿ ಜನರನ್ನು ಕೇಳಿ, ವರ್ಷಕ್ಕೆ ಸುಮಾರು 25 ಲಕ್ಷ ಸಲ ಅಮೆರಿಕನ್ನರು ಆತ್ಮರಕ್ಷಣೆಗೆ ಬಂದೂಕು ಬಳಸುತ್ತಾರೆಂದು ಅಂದಾಜು ಮಾಡಿದರು. ಅಪರಾಧಕ್ಕೆ ತುತ್ತಾದವರನ್ನು ಕೇಳುವ ಸರಕಾರಿ ಸಮೀಕ್ಷೆಯಿಂದ ಹೊರಡುವ ಅಂಕಿ ಒಂದು ಲಕ್ಷದ ಆಸುಪಾಸು, ಇಲ್ಲವೇ ಅದಕ್ಕೂ ಕಡಿಮೆ. ಎರಡೂ ಕಡೆಯವರು ಎಣಿಸುತ್ತಿರುವುದು ಬಂದೂಕು ಹಿಡಿದವರು ಹೇಳಿದ ಕಥೆಗಳನ್ನು. ಎದುರಿಗಿದ್ದವನು ಯಾರು, ಯಾತಕ್ಕೆ ಬಂದಿದ್ದ ಎಂದು ಅವನನ್ನು ಕೇಳಿದವರಿಲ್ಲ.

ಹೆಣಗಳ ಲೆಕ್ಕ ಇನ್ನೊಂದು ಕಡೆಯಿಂದ ಬರುತ್ತದೆ. ಕೆಲರ್‌ಮನ್ ಎಂಬ ವೈದ್ಯ ಮತ್ತು ಅವನ ಸಂಗಡಿಗರು 1993ರಲ್ಲಿ ಪ್ರಕಟಿಸಿದ ಅಧ್ಯಯನದಂತೆ, ಬಂದೂಕಿರುವ ಮನೆಯಲ್ಲಿ ಕೊಲೆಯ ಅಪಾಯ 2.7 ಪಟ್ಟು ಹೆಚ್ಚು, ಕೊಂದವರು ಬಹುಮಟ್ಟಿಗೆ ಮನೆಯವರು ಅಥವಾ ಆಪ್ತರು. ಅಪಾಯವಿದ್ದವರೇ ಬಂದೂಕು ಕೊಳ್ಳುತ್ತಾರಲ್ಲವೇ ಎಂದು ಇದಕ್ಕೆ ಆಕ್ಷೇಪವೂ ಬಂತು, ಅದು ಕೇಳಬೇಕಾದ ಆಕ್ಷೇಪವೇ. ಆದರೆ 2021ರಲ್ಲಿ ಅಮೆರಿಕದಲ್ಲಿ ಬಂದೂಕಿನಿಂದ ಸತ್ತ 48,830 ಜನರಲ್ಲಿ 26,328 ಜನ ಆತ್ಮಹತ್ಯೆ ಮಾಡಿಕೊಂಡವರು ಎಂಬುದಕ್ಕೆ ಯಾವ ಆಕ್ಷೇಪವೂ ಇಲ್ಲ. ಮೊದಲ ಅಂಕದಲ್ಲಿ ಗೋಡೆಗೆ ನೇತುಹಾಕಿದ ಕೋವಿ ಮುಂದೆಲ್ಲಾದರೂ ಸಿಡಿಯಲೇಬೇಕು ಎಂದು ಚೆಕಾಫ್ ಹೇಳುತ್ತಿದ್ದನಂತೆ. ಯಾರ ಮೇಲೆ ಸಿಡಿಯುತ್ತದೆ ಎಂಬುದು ನೇತುಹಾಕಿದವನ ಕೈಯಲ್ಲಿರುವುದಿಲ್ಲ.

2013ರ ಫೆಬ್ರವರಿ 14ರ ನಸುಕಿನಲ್ಲಿ ದಕ್ಷಿಣ ಆಫ್ರಿಕದ ಪ್ರಿಟೋರಿಯದಲ್ಲಿ, ಒಲಿಂಪಿಕ್ ಓಟಗಾರ ಆಸ್ಕರ್ ಪಿಸ್ಟೋರಿಯಸ್ ತನ್ನ ಮನೆಯ ಶೌಚಾಲಯದ ಮುಚ್ಚಿದ ಬಾಗಿಲಿನ ಮೂಲಕ ನಾಲ್ಕು ಗುಂಡು ಹಾರಿಸಿದ. ಒಳಗಿದ್ದವಳು ಅವನ ಗೆಳತಿ ರೀವಾ ಸ್ಟೀನ್‌ಕ್ಯಾಂಪ್. ಕಿಟಕಿಯಿಂದ ಕಳ್ಳ ಬಂದಿದ್ದಾನೆಂದುಕೊಂಡೆ ಎಂದು ಅವನು ಹೇಳಿದ. ಆ ವಿಚಾರಣೆಯನ್ನು ನಮ್ಮ ಟಿ.ವಿ.ಗಳೂ ತೋರಿಸಿದವು. ಎಲ್ಲರೂ ಚರ್ಚಿಸಿದ್ದು ಒಂದೇ ಪ್ರಶ್ನೆ: ಅವಳೇ ಎಂದು ಅವನಿಗೆ ಗೊತ್ತಿತ್ತೇ, ಇಲ್ಲವೇ? ಗೊತ್ತಿರಲಿಲ್ಲವಾದರೆ ಪಾಪದವನು, ಗೊತ್ತಿದ್ದರೆ ಕೊಲೆಗಾರ. ನಾನೂ ಹಾಗೆಯೇ ಯೋಚಿಸುತ್ತಿದ್ದೆ. 2014ರಲ್ಲಿ ಕೆಳಗಿನ ನ್ಯಾಯಾಲಯ ಅವನನ್ನು ಕೊಲೆಯ ಆರೋಪದಿಂದ ಬಿಟ್ಟು, ಅದಕ್ಕಿಂತ ಕಡಿಮೆಯ ಅಪರಾಧಕ್ಕೆ ಹಿಡಿಯಿತು. 2015ರ ಡಿಸೆಂಬರಿನಲ್ಲಿ ಮೇಲ್ಮನವಿ ನ್ಯಾಯಾಲಯ ಅದನ್ನು ಬದಲಿಸಿ, ಇದು ಕೊಲೆಯೇ ಎಂದಿತು. ಅದು ಕೊಟ್ಟ ಕಾರಣ ನೋಡಿ. ಬಾಗಿಲ ಹಿಂದೆ ಒಬ್ಬ ಮನುಷ್ಯಜೀವಿ ಇದೆಯೆಂದು ಅವನಿಗೆ ಗೊತ್ತಿತ್ತು. ಗುಂಡು ಹೊಡೆದರೆ ಆ ಜೀವ ಹೋದೀತೆಂದು ಗೊತ್ತಿತ್ತು. ಅದು ಯಾರು ಎಂಬುದು ಮುಖ್ಯವಲ್ಲ.

ನಮ್ಮೆಲ್ಲರ ಚರ್ಚೆಯಲ್ಲಿ ಕಳ್ಳನಾಗಿದ್ದರೆ ಪರವಾಗಿಲ್ಲ ಎಂಬ ಒಪ್ಪಿಗೆ ಅಡಗಿತ್ತು. ಆ ಕಲ್ಪನೆಯ ಕಳ್ಳನನ್ನೂ ಮನುಷ್ಯರ ಲೆಕ್ಕಕ್ಕೆ ತಂದದ್ದು ಆ ತೀರ್ಪು. ಶ್ರೀಮಂತರ ಮನೆಗಳ ಸುತ್ತ ವಿದ್ಯುತ್ ತಂತಿ ಎಳೆದುಕೊಂಡ, ಹೊರಗಿನವನ ಭಯಕ್ಕೆ ಬಣ್ಣದ ಇತಿಹಾಸವಿರುವ ದೇಶದಲ್ಲಿ ಅದು ಸಣ್ಣ ಮಾತಲ್ಲ. ‘ಕೋಲ್ಡ್ ಇನ್ ಜುಲೈ’ ಕೈಬಿಟ್ಟ ಪ್ರಶ್ನೆಯನ್ನು ಆ ನ್ಯಾಯಾಧೀಶರು ಕೈಬಿಡಲಿಲ್ಲ.

ನಮ್ಮದೇ ದಂಡಸಂಹಿತೆಯಲ್ಲಿ ಇದಕ್ಕೆ ಸಂಬಂಧಿಸಿದ ಪುಟ್ಟ ಕಥೆಯೊಂದಿದೆ. 1860ರ ಐಪಿಸಿಯ 98ನೆಯ ಕಲಂ, ಈಗ 2024ರ ಜುಲೈಯಿಂದ ಜಾರಿಗೆ ಬಂದಿರುವ ಭಾರತೀಯ ನ್ಯಾಯ ಸಂಹಿತೆಯ 36ನೆಯದು. ಅದರ ಉದಾಹರಣೆಯ ಸಾರ ಹೀಗೆ: ಒಬ್ಬನು ತಾನು ಹೋಗಲು ಹಕ್ಕಿರುವ ಮನೆಗೆ ರಾತ್ರಿ ಹೋಗುತ್ತಾನೆ. ಒಳಗಿನವನು ಸದ್ಭಾವನೆಯಿಂದಲೇ ಅವನನ್ನು ಕನ್ನಗಳ್ಳನೆಂದು ತಿಳಿದು ಮೇಲೆ ಬೀಳುತ್ತಾನೆ. ತಪ್ಪು ತಿಳಿವಳಿಕೆಯಿಂದ ಹೊಡೆದ ಇವನದು ಅಪರಾಧವಲ್ಲ. ಆದರೆ ಬಂದವನಿಗೂ ತನ್ನನ್ನು ಕಾಪಾಡಿಕೊಳ್ಳುವ ಅಷ್ಟೇ ಹಕ್ಕಿದೆ. ಹೆಸರುಗಳ ಜಾಗದಲ್ಲಿ ಎರಡು ಇಂಗ್ಲಿಷ್ ಅಕ್ಷರಗಳಿವೆ ಅಷ್ಟೇ. ತಡವಾಗಿ ಮನೆಗೆ ಬಂದ ಮಗನಿರಬಹುದು, ಊರಿಂದ ಬಂದ ಭಾವನಿರಬಹುದು. ಕತ್ತಲಲ್ಲಿ ಇಬ್ಬರೂ ನಿರಪರಾಧಿಗಳು, ಇಬ್ಬರ ಹೆದರಿಕೆಗೂ ಬೆಲೆಯಿದೆ. ಕಾನೂನು ಬರೆದವರು ಇಬ್ಬರ ಕಡೆಯಿಂದಲೂ ನೋಡಿದ್ದಾರೆ. ರಾತ್ರಿ ಕನ್ನ ಹಾಕಿ ನುಗ್ಗಿದವನ ವಿರುದ್ಧ ಪ್ರಾಣ ತೆಗೆಯುವವರೆಗೂ ಹಕ್ಕು ಹೋಗಬಹುದು ಎಂದು ಅದೇ ಸಂಹಿತೆ ಹೇಳುತ್ತದೆ. ಅವಶ್ಯಕ್ಕಿಂತ ಹೆಚ್ಚು ಹಾನಿ ಮಾಡಬಾರದು, ಅಧಿಕಾರಿಗಳ ನೆರವು ಪಡೆಯಲು ಸಮಯವಿದ್ದರೆ ಆ ಹಕ್ಕಿಲ್ಲ ಎಂದೂ ಹೇಳುತ್ತದೆ.

ನಮ್ಮ ನಾಡಿನ ಕೋವಿಗಳ ಕಥೆ ಬೇರೆ ತೆರನಾದದ್ದು ನಿಜ. ಕೊಡಗಿನಲ್ಲಿ ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಕೋವಿಗೆ ಪರವಾನಗಿಯಿಂದ ವಿನಾಯಿತಿಯಿದೆ. 2019ರಲ್ಲಿ ಅದನ್ನು 2029ರವರೆಗೆ ಮುಂದುವರಿಸಲಾಯಿತು, 2021ರಲ್ಲಿ ನಮ್ಮ ಹೈಕೋರ್ಟೂ ಅದನ್ನು ಎತ್ತಿಹಿಡಿಯಿತು. ಕೈಲ್‌ಪೊಳ್ದ್ ದಿನ ಕೋವಿಗೆ ಹೂವಿಟ್ಟು ಪೂಜಿಸುತ್ತಾರೆ. ಗಂಡುಮಗು ಹುಟ್ಟಿದರೆ ಒಂದು ಗುಂಡು, ಸಾವಾದರೆ ಎರಡು ಗುಂಡು ಗಾಳಿಗೆ ಹಾರಿಸುವ ಪದ್ಧತಿಯಿದೆ. ಅಲ್ಲಿ ಕೋವಿ ಅಕ್ಕಪಕ್ಕದವರಿಗೆ ಸುದ್ದಿ ಮುಟ್ಟಿಸುತ್ತದೆ. ಚೆಕಾಫ್‌ನಿಗೆ ಇದನ್ನು ಯಾರಾದರೂ ಹೇಳಬೇಕಿತ್ತು. ಆದರೆ ಮಲೆನಾಡಿನ ಅಡಿಕೆ ಸೀಮೆಯಲ್ಲಿ ಬೆಳೆದ ನಾನು ಕೋವಿಯ ಇನ್ನೊಂದು ಮುಖವನ್ನೂ ಕಂಡಿದ್ದೇನೆ. ಹಂದಿ, ಮಂಗಗಳಿಗೆಂದು ಪರವಾನಗಿ ಪಡೆದ ಕೋವಿ ಅಡಿಕೆಗೆ ಬೆಲೆ ಬಂದ ವರ್ಷ ಅಂಗಳ ಕಾಯಲು ಕೂರುತ್ತದೆ. ಚುನಾವಣೆ ಬಂತೆಂದರೆ ಅದನ್ನು ಠಾಣೆಯಲ್ಲಿ ಠೇವಣಿ ಇಡಬೇಕು. ಆ ದಿನಗಳಲ್ಲಿ ನಮ್ಮ ಮಾಮೂಜಾನ್‌ರ ಪಕ್ಕದ ತೋಟದ ಗೌಡರು ‘ಕೈ ಮುರಿದಂಗಾಗಿದೆ ಕಣೋ’ ಎನ್ನುತ್ತಿದ್ದರು. ಅವರು ಕಾಯುತ್ತಿದ್ದ ಅಡಿಕೆಯಲ್ಲಿ ಒಂದು ವರ್ಷದ ಸಾಲ, ಮಗಳ ಮದುವೆ ಎಲ್ಲ ಇರುತ್ತಿತ್ತು. ಅದೂ ಸುಳ್ಳಲ್ಲ.

ನಾನು ಬರೆಯತೊಡಗಿದ ಕಾಲದ ಒಂದು ಕಥೆ ಆ ಗೌಡರ ಮೇಲೆಯೇ ಇತ್ತು. ಇಪ್ಪತ್ತನಾಲ್ಕರ ಹುರುಪು. ಅಂಗಳದಲ್ಲಿ ಕೋವಿ ಹಿಡಿದು ಕೂತ ಮುದುಕ, ಇಬ್ಬನಿ, ಒಣಗುವ ಅಡಿಕೆಯ ವಾಸನೆ, ದೂರದಲ್ಲಿ ನಾಯಿ ಬೊಗಳುವುದು. ಎರಡು ಪುಟ ಅವನ ಭಯವನ್ನೇ ಬರೆದಿದ್ದೆ. ಕೊನೆಯಲ್ಲಿ ನೆರಳು ಅಲುಗಾಡುತ್ತದೆ, ಗುಂಡು ಸಿಡಿಯುತ್ತದೆ, ಕಥೆ ಮುಗಿಯುತ್ತದೆ. ವಾರಪತ್ರಿಕೆಯೊಂದು ಅಚ್ಚು ಮಾಡಿತು, ಸ್ನೇಹಿತರು ಮೆಚ್ಚಿದರು. ತಿಂಗಳಾದ ಮೇಲೆ ಒಬ್ಬ ಓದುಗರಿಂದ ಒಂದು ಕಾರ್ಡು ಬಂತು. ಅದರಲ್ಲಿ ಇದ್ದದ್ದು ಒಂದೇ ಸಾಲು, ಆ ನೆರಳು ಯಾರೆಂದು ನಿಮಗಾದರೂ ಗೊತ್ತೇ ಎಂದು ಕೇಳಿದ್ದರು. ಉತ್ತರ ಬರೆಯಲಿಲ್ಲ, ಸಿಟ್ಟು ಬಂದಿತ್ತು. ಕಥೆ ಅಲ್ಲಿ ಮುಗಿಯುವುದೇ ಅದರ ಚೆಲುವು ಎಂದು ನನ್ನ ನಂಬಿಕೆಯಾಗಿತ್ತು.

‘ಕೋಲ್ಡ್ ಇನ್ ಜುಲೈ’ ನೋಡಿದ ಮೇಲೆ ಆ ಕಥೆಯನ್ನು ಹುಡುಕಿ ತೆಗೆದು ಓದಿದೆ. ನಿಜಕ್ಕೂ ನನಗೆ ಗೊತ್ತಿರಲಿಲ್ಲ. ಗೊತ್ತು ಮಾಡಿಕೊಳ್ಳಬೇಕೆಂದು ಹೊಳೆದೂ ಇರಲಿಲ್ಲ. ಈಗ ತಿದ್ದಲು ಕೂತಿದ್ದೇನೆ. ಅವನು ತೋಟಕ್ಕೆ ಕೊನೆ ಕೊಯ್ಯಲು ಬರುತ್ತಿದ್ದವರಲ್ಲಿ ಒಬ್ಬನಿರಬೇಕು, ಆ ವಾರ ಕೂಲಿ ಬಾಕಿ ಇದ್ದಿರಬೇಕು, ಅಂಗಳಕ್ಕೆ ಬಂದದ್ದು ಅದನ್ನು ಕೇಳಲೋ ಕದಿಯಲೋ ಎಂಬಲ್ಲಿಗೆ ಬಂದು ನಿಂತಿದೆ. ಹೆಸರು ಇಟ್ಟಿದ್ದೇನೆ. ಗೌಡರು ‘ಯಾರೋ ಅದು?’ ಎಂದು ಕೂಗುವ ಹಾಗೂ ಮಾಡಿದ್ದೇನೆ. ಅದಕ್ಕೆ ಅವನು ಏನು ಉತ್ತರ ಕೊಡುತ್ತಾನೆ ಎಂಬುದು ಇನ್ನೂ ಬರೆಯಲಾಗಿಲ್ಲ.